ಮೊದಲು ಕೋರಾ, ಆಮೇಲೆ ನೆಗಮಂ

ಬೇಸಿಗೆಗೆ ಒಂದು ಸಡಿಲವಾದ ಹತ್ತಿ ಡ್ರೆಸ್ ನಾವೇ ಹೊಲಿದುಕೊಳ್ಳೋಣ ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಪ್ಯಾಟರ್ನ್ ಹುಡುಕುತ್ತಾರೆ. ಚಿತ್ರದಲ್ಲಿ ಚೆಂದ ಕಂಡದ್ದನ್ನು ಕೊಂಡು, ಪ್ರಿಂಟ್ ತೆಗೆಸಿ, ಆಮೇಲೆ ಬಟ್ಟೆ ಅಂಗಡಿಗೆ ಹೋಗುತ್ತಾರೆ. ಕೊಯಮತ್ತೂರು, ತಿರುಪ್ಪೂರು ಕಡೆ ಇರುವವರು ಈ ಕ್ರಮವನ್ನು ತಿರುಗಿಸಿಕೊಳ್ಳುವುದು ವಾಸಿ. ಇಲ್ಲಿ ಬಟ್ಟೆಗೆ ಬರವಿಲ್ಲ, ಹೊಲಿಗೆ ಬಲ್ಲವರಿಗೂ ಬರವಿಲ್ಲ. ಕೈಕೊಡುವುದು ಕಾಗದ. ಬೇರೆ ದೇಶದ, ಬೇರೆ ಮೈಕಟ್ಟಿನ ಹೆಂಗಸಿಗಾಗಿ ಬರೆದ ಆ ಕಾಗದವನ್ನು ನಮ್ಮ ಬಟ್ಟೆಗೂ ನಮ್ಮ ಮೈಗೂ ಒಗ್ಗಿಸಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಬಟ್ಟೆ ಇಲ್ಲಿ ಎರಡು ಬಗೆ. ಕೊಯಮತ್ತೂರಿನ ಕಡೆ ಹೆಚ್ಚಾಗಿ ನೇಯ್ದದ್ದು: ನೆಗಮಂ, ಸಿರುಮುಗೈಯ ಕೈಮಗ್ಗ, ಸೋಮನೂರಿನ ಪವರ್‌ಲೂಮ್. ತಿರುಪ್ಪೂರಿನದು ಹೆಣೆದದ್ದು: ಬನಿಯನ್ ಬಟ್ಟೆ, ಟೀ ಷರ್ಟ್ ಬಟ್ಟೆ. 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಯಿತು. ಬಟ್ಟೆಯ ಮಟ್ಟಿಗೆ ಆ ಗಡಿ ಹೆಚ್ಚುಕಡಿಮೆ ಮೊದಲೇ ಬಿದ್ದಿತ್ತು. ಪಲ್ಲಡಂನ ಪವರ್‌ಲೂಮುಗಳು ಮಾತ್ರ ಗೆರೆಯ ಆಚೆ, ತಿರುಪ್ಪೂರಿನ ಕಡೆ, ಉಳಿದುಬಿಟ್ಟವು. ನೇಯ್ದ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕಿನ ಎಳೆಗಳು ನೆಟ್ಟಗೆ ಹಾಯುವುದರಿಂದ ಅದನ್ನು ಓರೆಯಾಗಿ ಎಳೆದರೆ ಮಾತ್ರ ಸ್ವಲ್ಪ ಹಿಗ್ಗುತ್ತದೆ. ಹೆಣೆದದ್ದರಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಓಡುತ್ತದೆ, ಎತ್ತ ಎಳೆದರೂ ಹಿಗ್ಗುತ್ತದೆ. ನೇಯ್ದದ್ದಕ್ಕೆ ಬರೆದ ಪ್ಯಾಟರ್ನಿನಲ್ಲಿ ಟೀ ಷರ್ಟ್ ಬಟ್ಟೆ ಕತ್ತರಿಸಿದರೆ ಗೋಣಿಚೀಲದಂತೆ ಜೋಲುತ್ತದೆ. ಹೆಣೆದದ್ದಕ್ಕೆ ಬರೆದುದರಲ್ಲಿ ಕೈಮಗ್ಗದ ಬಟ್ಟೆ ಕತ್ತರಿಸಿದರೆ ತಲೆಯೇ ತೂರುವುದಿಲ್ಲ. ಪ್ಯಾಟರ್ನಿನ ಲಕೋಟೆಯ ಹಿಂಬದಿಯಲ್ಲಿ ಯಾವ ಬಟ್ಟೆಗೆಂದು ಬರೆದಿರುತ್ತಾರೆ. ಚಿತ್ರಕ್ಕಿಂತ ಮೊದಲು ಅದನ್ನು ಓದಿ.

ಸೀರೆಯಿಂದ ಡ್ರೆಸ್

ಕನ್ನಡಿಗರಿಗೆ ಈ ಸೀಮೆಯ ಕೈಮಗ್ಗ ಪರರದಲ್ಲ. ಇಲ್ಲಿ ಮಗ್ಗ ಹಿಡಿದವರಲ್ಲಿ ದೇವಾಂಗರು ಬಹಳ ಮಂದಿ, ಅವರಲ್ಲಿ ಅನೇಕರ ಮನೆಮಾತು ಇಂದಿಗೂ ತಮಿಳು ಬೆರೆತ ಕನ್ನಡ. ಪೊಳ್ಳಾಚಿ ಹತ್ತಿರದ ನೆಗಮಂನಲ್ಲಿ ನೇಯುವ ಹತ್ತಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ರೇಷ್ಮೆ ಮತ್ತು ಹತ್ತಿ ಬೆರೆತ ಕೋವೈ ಕೋರಾ ಕಾಟನ್ನಿಗೂ ಅದು ಇದೆ. ಬೇಸಿಗೆಯ ಡ್ರೆಸ್ಸಿಗೆ ನನ್ನ ಮತ ನೆಗಮಂ ಹತ್ತಿಗೆ. ಕೋರಾ ಕಾಟನ್ ಸೆಟೆದು ನಿಲ್ಲುತ್ತದೆ. ಸೀರೆಯಾಗಿ ಉಟ್ಟರೆ ಆ ಸೆಟೆತವೇ ಅಂದ, ಡ್ರೆಸ್ಸಾದರೆ ಸೊಂಟದ ಸುತ್ತ ಉಬ್ಬಿಕೊಳ್ಳುತ್ತದೆ.

ಹೊಸ ಸೀರೆಗೆ ಕತ್ತರಿ ಹಾಕಿ ಎಂದು ಹೇಳುತ್ತಿಲ್ಲ. ನೇಕಾರರ ಮನೆಯ ಹಿರಿಯರ ಎದುರು ಆ ಮಾತು ಆಡಲೂ ಆಗದು. ಸೆರಗು ಹರಿದದ್ದು, ನೆರಿಗೆಯ ಜಾಗದಲ್ಲಿ ಕಲೆಯಾದದ್ದು, ಅಮ್ಮನ ಪೆಟ್ಟಿಗೆಯಲ್ಲಿ ಮಡಿಕೆಯ ಗೆರೆಗುಂಟ ಸವೆದದ್ದು, ಹೀಗೆ ಉಡಲು ಬಾರದ ಸೀರೆಯಲ್ಲಿ ಡ್ರೆಸ್ಸಿಗೆ ಬೇಕಾದಷ್ಟು ಗಟ್ಟಿ ಬಟ್ಟೆ ಉಳಿದಿರುತ್ತದೆ. ಹಳೆಯ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಳೆ ಬಿಟ್ಟ ಕಡೆ ಬೆಳಕು ಹೆಚ್ಚು ಸೋರುತ್ತದೆ. ಅಲ್ಲಿ ಚಾಕ್ ಗುರುತು ಹಾಕಿ, ಆ ಭಾಗ ತೋಳಿನ ಕಂಕುಳಿಗೋ ಸೊಂಟಕ್ಕೋ ಬಾರದಂತೆ ನೋಡಿಕೊಳ್ಳಿ.

ಸೀರೆ ಎಂದ ಮೇಲೆ ಅಂಚು ಇರುತ್ತದೆ, ಅಂಚನ್ನು ಡ್ರೆಸ್ಸಿನ ಕೆಳಗೆ ತರಬೇಕು ಎಂದು ಎಲ್ಲರಿಗೂ ಆಸೆ. ಎಡವುವುದು ಇಲ್ಲಿಯೇ. ಮೇಲಿನಿಂದ ಕೆಳಗೆ ಅಗಲವಾಗುತ್ತ ಬರುವ ಎ ಲೈನ್ ಡ್ರೆಸ್ಸಿನ ಕೆಳತುದಿ ಬಿಲ್ಲಿನಂತೆ ಬಾಗಿರುತ್ತದೆ. ಸೀರೆಯ ಅಂಚು ನೆಟ್ಟಗಿನ ಗೆರೆ. ಎರಡೂ ಕೂಡುವುದಿಲ್ಲ. ಬಲವಂತವಾಗಿ ಕೂಡಿಸಿದರೆ ಪಕ್ಕದ ಹೊಲಿಗೆಯ ಹತ್ತಿರ ಅಂಚು ಕೆಳಗಿಳಿದು ಜೋತುಬೀಳುತ್ತದೆ. ಅಂಚು ಬೇಕೆಂದರೆ ಸೊಂಟದಲ್ಲಿ ಜೋಡಣೆ ಇರುವ, ಅದರ ಕೆಳಗೆ ನೆಟ್ಟಗಿನ ಪಟ್ಟಿಗೆ ನೆರಿಗೆ ಹಿಡಿದ ಲಂಗದಂಥ ಪ್ಯಾಟರ್ನ್ ಆರಿಸಿ. ಅಂಚು ಬೇಡವೆಂದರೆ ಎ ಲೈನ್ ಸುಲಭ: ಅಂಚು ಕತ್ತರಿಸಿ ಕುತ್ತಿಗೆಗೋ ಜೇಬಿಗೋ ಇಟ್ಟುಕೊಂಡರಾಯಿತು.

ಲೆಕ್ಕ ಹೀಗೆ. ಸೀರೆಯ ಪನ್ನ, ಅಂದರೆ ಅಗಲ, 46 ಇಂಚು ಎಂದುಕೊಳ್ಳಿ. ಎದೆಯ ಸುತ್ತಳತೆ 36 ಇಂಚು, ಸಡಿಲಿಕೆ 4 ಇಂಚು ಸೇರಿ 40. ಜಿಪ್ ಇಲ್ಲದೆ ತಲೆಯಿಂದ ಹಾಕಿಕೊಳ್ಳುವ ಡ್ರೆಸ್ಸಾದ್ದರಿಂದ ಸೊಂಟದ ಜೋಡಣೆಯೂ 40 ಇಂಚೇ ಇರಲಿ. ಸೀರೆಯ ಉದ್ದದಿಂದ ಎರಡೂಕಾಲು ಮೀಟರ್, ಅಂದರೆ ಸುಮಾರು 88 ಇಂಚು, ತೆಗೆದುಕೊಳ್ಳಿ. ಕೆಳಗಿನ ಅಂಚಿನಿಂದ ಮೇಲಕ್ಕೆ 27 ಇಂಚು ಮತ್ತು ಹೊಲಿಗೆಗೆ ಅರ್ಧ ಇಂಚು ಅಳೆದು ಉದ್ದಕ್ಕೂ ಕತ್ತರಿಸಿದರೆ ಲಂಗ ಆಯಿತು. 88 ಇಂಚು 40ಕ್ಕೆ ಕೂಡುವಾಗ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ನೆರಿಗೆ ಬರುತ್ತದೆ, ತೆಳು ಹತ್ತಿಗೆ ಅದು ಹದವಾದ ಪ್ರಮಾಣ. ಕೆಳಗೆ ಮಡಿಚಿ ಹೊಲಿಯುವ ಕೆಲಸವೂ ಇಲ್ಲ, ನೇಕಾರ ಆಗಲೇ ಮುಗಿಸಿಕೊಟ್ಟಿದ್ದಾನೆ.

ಮೇಲೆ ಉಳಿದದ್ದು ಹದಿನೆಂಟೂವರೆ ಇಂಚಿನ ಪಟ್ಟಿ, ಅದರ ತುದಿಯಲ್ಲಿ ಇನ್ನೊಂದು ಅಂಚು. ಭುಜದಿಂದ ಸೊಂಟಕ್ಕೆ ಹದಿನೈದೂವರೆ, ಹೊಲಿಗೆಗೆ ಒಂದು, ಒಟ್ಟು ಹದಿನಾರೂವರೆ. ಮುಂಭಾಗ, ಹಿಂಭಾಗ ಎರಡೂ ಇದರಲ್ಲಿ ಕೂರುತ್ತವೆ. ಪ್ಯಾಟರ್ನಿನ ಸೊಂಟದ ಕಡೆಯನ್ನು ಅಂಚಿಗೆ ತಾಗಿಸಿ ಇಟ್ಟರೆ ಸೊಂಟಪಟ್ಟಿ ತಾನಾಗಿ ಬರುತ್ತದೆ, ಅದಕ್ಕೆ ಸೊಂಟದ ಗೆರೆ ಬಾಗಿರದ ಪ್ಯಾಟರ್ನ್ ಬೇಕು. ಗಿಡ್ಡ ತೋಳನ್ನೂ ಅದೇ ಅಂಚಿನ ಮೇಲೆ ಇಡಿ. ಹೀಗೆ ಕತ್ತರಿಸುವಾಗ ಮೇಲ್ಭಾಗ ಸೀರೆಯಲ್ಲಿ ತಲೆಕೆಳಗಾಗಿ ಕೂರುತ್ತದೆ. ಬುಟ್ಟಾ ನವಿಲೋ ಗಿಳಿಯೋ ಆಗಿದ್ದರೆ ಎದೆಯ ಮೇಲೆ ಶೀರ್ಷಾಸನ ಹಾಕುತ್ತದೆ, ಗಮನಿಸಿ. ಚುಕ್ಕಿ, ಚೌಕ, ಗೆರೆಗೆ ತೊಂದರೆಯಿಲ್ಲ. ಕಾಗದದ ಮೇಲಿನ ಬಾಣದ ಗುರುತು ಹಾಸಿನ ಗುಂಟ ಇರಬೇಕೆಂಬುದು ನಿಯಮ. ಇಲ್ಲಿ ಅದು ಹೊಕ್ಕಿನ ಗುಂಟ ತಿರುಗುತ್ತದೆ. ಸಾದಾ ನೇಯ್ಗೆಯ ಹತ್ತಿಯಲ್ಲಿ ಇದು ನಡೆಯುತ್ತದೆ. ಬಾಣ ಓರೆಯಾಗುವುದು ಮಾತ್ರ ನಡೆಯುವುದಿಲ್ಲ.

ಸೀರೆ ಗಟ್ಟಿಯಾಗಿದ್ದರೆ ಐದೂವರೆ ಮೀಟರಿನಲ್ಲಿ ಇಂಥವು ಎರಡು ಬರುತ್ತವೆ, ಅಕ್ಕನಿಗೊಂದು ತಂಗಿಗೊಂದು.

ಕತ್ತರಿಸುವ ಮುನ್ನ ಬಟ್ಟೆ ಒಗೆಯಲೇಬೇಕು. ಕೈಮಗ್ಗದ ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಅಂಚು ಕೆಲವೊಮ್ಮೆ ಒಡಲಿಗಿಂತ ಹೆಚ್ಚು ಕುಗ್ಗಿ ಸುರುಟಿಕೊಳ್ಳುತ್ತದೆ. ಒಗೆದಾಗ ಮಗ್ಗದ ಗಂಜಿಯೂ ಹೋಗಿ ಬಟ್ಟೆ ಮೆತ್ತಗಾಗುತ್ತದೆ. ಮೈಮೇಲೆ ಅದು ಹೇಗೆ ಇಳಿಯುತ್ತದೆ ಎಂಬುದು ಆಗಲೇ ತಿಳಿಯುವುದು. ಆದರೆ ಮೆತ್ತಗಿನ ಬಟ್ಟೆ ಕತ್ತರಿಗೆ ಸಿಗದೆ ಜಾರುತ್ತದೆ. ತೆಳು ಅನ್ನದ ಗಂಜಿ ಮತ್ತೆ ಹಾಕಿ, ಅರೆಹಸಿ ಇರುವಾಗಲೇ ಇಸ್ತ್ರಿ ಮಾಡಿ ಕತ್ತರಿಸಿ. ಹೊಲಿಗೆ ಮುಗಿದ ಮೇಲೆ ಒಗೆದರೆ ಹೋಯಿತು.

ಇನ್ನೊಂದು ಮಾತು ಗಾಳಿಯದು. ಏಪ್ರಿಲ್‌ನಲ್ಲಿ ಹೊಲಿದ ಡ್ರೆಸ್ಸನ್ನು ಜೂನ್‌ನಲ್ಲೂ ಹಾಕುತ್ತೀರಿ, ಆಗ ಪಶ್ಚಿಮ ಘಟ್ಟದ ಪಾಲಕ್ಕಾಡ್ ಸಂದಿನಿಂದ ಬೀಸುವ ಗಾಳಿ ಪೊಳ್ಳಾಚಿ, ಉಡುಮಲೈ, ಪಲ್ಲಡಂ ಬಯಲಲ್ಲಿ ಗಾಳಿಯಂತ್ರಗಳನ್ನೇ ತಿರುಗಿಸುತ್ತಿರುತ್ತದೆ. ಹಗುರ ಲಂಗ ನಿಲ್ಲುವುದಿಲ್ಲ. ಸೀರೆಯ ದಪ್ಪ ಅಂಚು ಕೆಳಗಿದ್ದರೆ ಅದರ ಭಾರವೇ ಹಿಡಿದಿಡುತ್ತದೆ. ಅಂಚಿಲ್ಲದ್ದಕ್ಕೆ ಎರಡು ಇಂಚಿನ ಅಗಲ ಮಡಿಕೆ ಕೊಡಿ.

ರೇಯಾನ್ ಬಗ್ಗೆ ಕೇಳುವವರೂ ಇದ್ದಾರೆ. ಸಿರುಮುಗೈನಲ್ಲಿ ಭವಾನಿ ನದಿಯ ದಡದ ಮೇಲೆ ವಿಸ್ಕೋಸ್ ರೇಯಾನ್ ತಯಾರಿಸುವ ದೊಡ್ಡ ಕಾರ್ಖಾನೆಯೇ ಇತ್ತು, ನದಿ ಮಾಲಿನ್ಯದ ಗಲಾಟೆಗಳನ್ನು ಕಂಡು ಮುಚ್ಚಿಹೋಯಿತು. ಆ ನೂಲಿನ ಬಟ್ಟೆ ಮೈಗೆ ತಂಪು, ಇಳಿಬೀಳುವುದೂ ಚೆಂದ. ಆದರೆ ಕತ್ತರಿಸುವಾಗ ಜಾರುತ್ತದೆ, ಒಗೆದರೆ ಹತ್ತಿಗಿಂತ ಹೆಚ್ಚು ಕುಗ್ಗುತ್ತದೆ, ಒದ್ದೆಯಾದಾಗ ಎಳೆ ದುರ್ಬಲ. ಮೊದಲ ಡ್ರೆಸ್ಸಿಗೆ ಬೇಡ.

ತಿರುಪ್ಪೂರಿನ ಬಟ್ಟೆಯಾದರೆ

ಹೆಣೆದ ಬಟ್ಟೆ ತಿರುಪ್ಪೂರಿನಲ್ಲಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ, ಮೀಟರ್ ಎಂದು ಕೇಳಿದರೆ ಹೊಸಬರೆಂದು ಗೊತ್ತಾಗಿಬಿಡುತ್ತದೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ. 140ರ ಬಟ್ಟೆ ಬಿಸಿಲಿಗೆ ಒಳಗಿನದೆಲ್ಲ ತೋರಿಸುತ್ತದೆ, 220 ದಾಟಿದರೆ ಬೆವರು. ಡ್ರೆಸ್ಸಿಗೆ 170, 180ರ ಸಿಂಗಲ್ ಜೆರ್ಸಿ ಸರಿ. 180 ಜಿಎಸ್‌ಎಂ, ಬಿಡಿಸಿದ ಅಗಲ 1.8 ಮೀಟರ್ ಇದ್ದರೆ ಒಂದು ಮೀಟರ್ ಉದ್ದ 324 ಗ್ರಾಂ ತೂಗುತ್ತದೆ, ಅಂದರೆ ಕಿಲೋಗೆ ಮೂರು ಮೀಟರಿನಷ್ಟು. ಮಂಡಿಯವರೆಗಿನ ಟೀ ಷರ್ಟ್ ಡ್ರೆಸ್ಸಿಗೆ ಅರ್ಧ ಕಿಲೋ ಸಾಕು.

ಎಷ್ಟು ಹಿಗ್ಗುತ್ತದೆಂದು ಅಂಗಡಿಯಲ್ಲೇ ನೋಡಿ: ಅಡ್ಡಕ್ಕೆ ಹತ್ತು ಸೆಂಟಿಮೀಟರ್ ಹಿಡಿದು ಎಳೆದಾಗ ಹದಿಮೂರಾದರೆ 30 ಪ್ರತಿಶತ. ಬಿಟ್ಟ ಮೇಲೆ ಹತ್ತಕ್ಕೇ ಮರಳಬೇಕು, ಹನ್ನೊಂದರಲ್ಲಿ ನಿಂತರೆ ಕುಳಿತೆದ್ದ ಕಡೆಯೆಲ್ಲ ಡ್ರೆಸ್ ಜೋಲು ಬೀಳುತ್ತದೆ. ಮನೆಗೆ ತಂದ ಮೇಲೆ ಒಗೆದು, ಸುರುಳಿ ಬಿಡಿಸಿ, ಒಂದು ದಿನ ಹಾಗೆಯೇ ಹರಡಿಡಿ. ಕಾರ್ಖಾನೆಗಳಲ್ಲೂ ಕತ್ತರಿಸುವ ಮುನ್ನ ಬಟ್ಟೆಗೆ ಹೀಗೆ ವಿಶ್ರಾಂತಿ ಕೊಡುತ್ತಾರೆ, ಸುತ್ತುವಾಗ ಎಳೆದಿದ್ದ ಬಿಗಿ ಆಗ ಇಳಿಯುತ್ತದೆ.

ಸೂಜಿ ಕೊಳ್ಳುವಾಗ ಎಚ್ಚರ. ಈ ಊರಿನ ಅಂಗಡಿಗಳಲ್ಲಿ ಕೇಳಿದ ತಕ್ಷಣ ಕೈಗೆ ಬರುವುದು ಕಾರ್ಖಾನೆಯ ಪವರ್ ಮಿಷನ್ನಿನ ಡಿಬಿ×1 ಸೂಜಿ, ಅದರ ಬುಡ ಗುಂಡಗೆ. ಮನೆಯ ಮಿಷನ್ನಿಗೆ ಬೇಕಾದದ್ದು ಒಂದು ಬದಿ ಚಪ್ಪಟೆಯಾದ ಎಚ್‌ಎ×1. ನೇಯ್ದ ತೆಳು ಹತ್ತಿಗೆ 11ನೇ ನಂಬರು, ಹೆಣೆದದ್ದಕ್ಕೆ ಮೊನೆ ಗುಂಡಗಿರುವ ಬಾಲ್ ಪಾಯಿಂಟ್. ಚೂಪು ಮೊನೆ ಕುಣಿಕೆಯನ್ನೇ ಕತ್ತರಿಸುತ್ತದೆ, ಎರಡು ಒಗೆತಕ್ಕೆ ಹೊಲಿಗೆಯ ಗುಂಟ ಸಣ್ಣ ತೂತು ಸಾಲಾಗಿ ಕಾಣುತ್ತವೆ. ನೇರ ಹೊಲಿಗೆ ಹಿಗ್ಗಿದಾಗ ಪಟಪಟ ಕಿತ್ತುಬರುವುದರಿಂದ ಬಲು ಕಿರಿದಾದ ಜಿಗ್‌ಜಾಗ್ ಹಾಕಿ.

ಕಾಗದ ಓದುವುದು

ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನನ್ನು ವ್ಯಾಪಾರಕ್ಕೆ ತಂದವನು ಅಮೆರಿಕದ ಮ್ಯಾಸಚೂಸೆಟ್ಸ್‌ನ ದರ್ಜಿ ಎಬೆನೆಜರ್ ಬಟರಿಕ್, 1863ರಲ್ಲಿ. ಜರ್ಮನಿಯ ಎನ್ನೆ ಬುರ್ಡಾ 1950ರಲ್ಲಿ ಶುರುಮಾಡಿದ ಪತ್ರಿಕೆ ಅದನ್ನು ಮನೆಮನೆಗೆ ಮುಟ್ಟಿಸಿತು. ನಮ್ಮ ದರ್ಜಿಗಳಿಗೆ ಕಾಗದವೇ ಬೇಕಿಲ್ಲ, ಅಳತೆಗೆ ಕೊಟ್ಟ ಹಳೆಯ ಬ್ಲೌಸ್ ಹರಡಿ ಚಾಕ್ ಎಳೆದುಬಿಡುತ್ತಾರೆ. ಅದು ವರ್ಷಗಟ್ಟಲೆ ಪಳಗಿದ ಕೈಯ ಕೆಲಸ. ಮನೆಯಲ್ಲಿ ಹೊಲಿಯುವವರಿಗೆ ಕಾಗದವೇ ಗತಿ, ಆದರೆ ಆ ಕಾಗದದ ಎಣಿಕೆ ತಿಳಿದಿರಬೇಕು.

ಬುರ್ಡಾದ ಮಾಮೂಲಿ ಸೈಜುಗಳು 168 ಸೆಂಟಿಮೀಟರ್, ಅಂದರೆ ಐದೂವರೆ ಅಡಿ ಎತ್ತರದ ಹೆಂಗಸಿಗೆ ಬರೆದವು. ಅಮೆರಿಕದ ಹಳೆಯ ಕಂಪನಿಗಳದೂ ಹೆಚ್ಚುಕಡಿಮೆ ಅಷ್ಟೇ. ನೀವು ಐದಡಿ ಒಂದಂಗುಲ ಇದ್ದರೆ ಹೆಚ್ಚಾದ ಉದ್ದವನ್ನೆಲ್ಲ ಕೆಳಗಿನಿಂದ ಕತ್ತರಿಸಬೇಡಿ. ಹಾಗೆ ಮಾಡಿದ ಡ್ರೆಸ್ಸಿನಲ್ಲಿ ಸೊಂಟ ಹಿಪ್ಪಿನ ಮೇಲೆ ಬಂದು ಕೂರುತ್ತದೆ, ಕಂಕುಳು ಬಾಯಿ ತೆರೆದುಕೊಳ್ಳುತ್ತದೆ. ಅರ್ಧ ಇಂಚು ಕಂಕುಳಿನ ಮಟ್ಟದಲ್ಲಿ, ಒಂದು ಇಂಚಿನಷ್ಟು ಎದೆಗೂ ಸೊಂಟಕ್ಕೂ ನಡುವೆ, ಉಳಿದದ್ದನ್ನು ಲಂಗದಲ್ಲಿ ಮಡಿಚಿ. ಕಾಗದದ ಮೇಲೆ ಇದಕ್ಕೆಂದೇ ಜೋಡಿಗೆರೆ ಎಳೆದಿರುತ್ತಾರೆ.

ಸೈಜು ಆರಿಸುವುದು ನಿಮ್ಮ ರೆಡಿಮೇಡ್ ಕುರ್ತಿಯ ಸೈಜು ನೋಡಿಯಲ್ಲ. ಟೇಪನ್ನು ಕಂಕುಳ ಕೆಳಗೆ, ಎದೆಯ ಮೇಲ್ಭಾಗದಲ್ಲಿ ಸುತ್ತಿ ಒಂದು ಅಳತೆ, ಎದೆಯ ತುಂಬು ಭಾಗದಲ್ಲಿ ಇನ್ನೊಂದು. ಹೆಚ್ಚಿನ ಪ್ಯಾಟರ್ನುಗಳು ಇವೆರಡರ ನಡುವೆ ಎರಡು ಇಂಚಿನ ಅಂತರ ಇಟ್ಟುಕೊಂಡು ಬರೆದವು. ನಿಮ್ಮದು ಮೂರು, ನಾಲ್ಕು ಇಂಚಿದ್ದರೆ ಮೇಲಿನ ಅಳತೆಗೆ ಎರಡು ಸೇರಿಸಿ ಸೈಜು ಆರಿಸಿ, ಎದೆಯಲ್ಲಿ ಮಾತ್ರ ಹಿಗ್ಗಿಸಿಕೊಳ್ಳಿ. ತುಂಬು ಅಳತೆಗೇ ಸೈಜು ತೆಗೆದುಕೊಂಡರೆ ಭುಜ ಜಾರುತ್ತದೆ, ಕುತ್ತಿಗೆ ಸಡಿಲಾಗುತ್ತದೆ, ಬಗ್ಗಿದಾಗ ಕೈ ಅಡ್ಡ ಹಿಡಿಯಬೇಕಾಗುತ್ತದೆ.

ಬುರ್ಡಾ ಪತ್ರಿಕೆಯ ಹಾಳೆಯಲ್ಲಿ ಹೊಲಿಗೆಗೆ ಬಿಡುವ ಅಂಚು ಸೇರಿರುವುದಿಲ್ಲ, ಅಮೆರಿಕದವುಗಳಲ್ಲಿ ಒಂದೂವರೆ ಸೆಂಟಿಮೀಟರ್ ಸೇರಿರುತ್ತದೆ. ನೋಡದೆ ಕತ್ತರಿಸಿದರೆ ಒಂದು ಸೈಜು ಏರುಪೇರು ಖಚಿತ. ಪಿಡಿಎಫ್ ಕೊಂಡವರು ಪ್ರಿಂಟ್ ಅಂಗಡಿಯವರಿಗೆ ನೂರಕ್ಕೆ ನೂರು ಅಳತೆಯಲ್ಲೇ ತೆಗೆಯಲು ಹೇಳಿ. ಪುಟಕ್ಕೆ ಹೊಂದಿಸುವ ಆಯ್ಕೆ ಒತ್ತಿದರೆ ಎಲ್ಲ ಕಿರಿದಾಗಿ ಬರುತ್ತದೆ. ಮೊದಲು ಪರೀಕ್ಷೆಯ ಚೌಕ ಇರುವ ಒಂದೇ ಪುಟ ತೆಗೆಸಿ, ಅಲ್ಲೇ ಟೇಪ್ ಹಿಡಿದು ಅಳೆಯಿರಿ.

ಕೋರಾದಲ್ಲಿ ಒಂದು ಸಲ

ಕೋರಾ ಕಾಟನ್ ಸೀರೆ ಬೇರೆ, ಬರಿಯ ಕೋರಾ ಬೇರೆ. ಇದು ಮಗ್ಗದಿಂದ ಇಳಿದ, ಬಿಳುಪು ಮಾಡದ, ಬಣ್ಣ ಹಾಕದ ಹತ್ತಿ ಬಟ್ಟೆ. ಸೋಮನೂರು, ಪಲ್ಲಡಂ ಪವರ್‌ಲೂಮುಗಳು ನೇಯುವುದೇ ಹೆಚ್ಚಾಗಿ ಇದನ್ನು, ಆದ್ದರಿಂದ ಈ ಎರಡು ಜಿಲ್ಲೆಗಳಲ್ಲಿ ಅದಕ್ಕೆ ಅಲೆದಾಡಬೇಕಿಲ್ಲ. ಒಳ್ಳೆಯ ಬಟ್ಟೆಗೆ ಕತ್ತರಿ ಇಡುವ ಮುನ್ನ ಡ್ರೆಸ್ಸಿನ ಮೇಲ್ಭಾಗವನ್ನಾದರೂ ಕೋರಾದಲ್ಲಿ ಹೊಲಿದು ನೋಡಿ.

ಇದು ಹೊಸಬರ ಅಂಜಿಕೆ ಎಂದುಕೊಳ್ಳಬೇಡಿ. ತಿರುಪ್ಪೂರಿನ ರಫ್ತು ಕಾರ್ಖಾನೆಯಲ್ಲಿ ಪ್ಯಾಟರ್ನ್ ಮಾಸ್ಟರ್ ಎಷ್ಟೇ ಪಳಗಿದವರಿರಲಿ, ಫಿಟ್ ಸ್ಯಾಂಪಲ್ ಹೊಲಿದು ಕಳಿಸಿ, ಕೊಳ್ಳುವವರು ತಿದ್ದಿ ಒಪ್ಪಿಗೆ ಕೊಡುವವರೆಗೆ ರಾಶಿ ಬಟ್ಟೆಯ ಮೇಲೆ ಕತ್ತರಿ ಆಡುವುದಿಲ್ಲ. ಮನೆಯಲ್ಲಿ ಕೊಳ್ಳುವವರೂ ನೀವೇ, ಮಾಸ್ಟರೂ ನೀವೇ. ಸ್ಯಾಂಪಲ್ ಹಾರಿಸಿದರೆ ನಷ್ಟವೂ ನಿಮ್ಮದೇ.

ಕೋರಾವನ್ನೂ ಒಗೆದು ಇಸ್ತ್ರಿ ಮಾಡಿ, ಉದ್ದ ಹೊಲಿಗೆ ಹಾಕಿ ಜೋಡಿಸಿ, ಕನ್ನಡಿಯ ಮುಂದೆ ಹಾಕಿಕೊಳ್ಳಿ. ಸುಮ್ಮನೆ ನಿಂತರೆ ಏನೂ ತಿಳಿಯದು. ಗಾಂಧಿಪುರಂ ಬಸ್ಸಿನಲ್ಲಿ ಕಂಬಿ ಹಿಡಿಯುವಂತೆ ಕೈ ಎತ್ತಿ. ಸ್ಕೂಟರಿನ ಹ್ಯಾಂಡಲ್ ಹಿಡಿಯುವಂತೆ ಎರಡೂ ಕೈ ಮುಂದೆ ಚಾಚಿ. ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕುಳಿತು ಏಳಿ. ಎದೆಯಿಂದ ಕಂಕುಳಿನ ಕಡೆ ಓರೆಯಾಗಿ ಎಳೆದ ಸುಕ್ಕು ಕಂಡರೆ ಎದೆಯಲ್ಲಿ ಜಾಗ ಸಾಲದು. ಹಿಂದೆ ಕುತ್ತಿಗೆಯ ಕೆಳಗೆ ಅಡ್ಡ ಮಡಿಕೆ ನಿಂತರೆ ಬೆನ್ನಿನ ಉದ್ದ ಹೆಚ್ಚು. ಕೈ ಎತ್ತಿದಾಗ ಇಡೀ ಡ್ರೆಸ್ ಮೇಲೇರಿದರೆ ಕಂಕುಳು ತೀರ ಕೆಳಗಿದೆ. ಅದನ್ನು ಇನ್ನಷ್ಟು ಕೊರೆದರೆ ಸರಿಹೋಗುತ್ತದೆಂದು ತೋರುತ್ತದೆ. ಆಗಬೇಕಾದದ್ದು ಅದರ ಉಲ್ಟಾ, ಕಂಕುಳು ಮೇಲಕ್ಕೆ ಬರಬೇಕು. ತಿದ್ದುಪಡಿಗಳನ್ನು ಕೋರಾದ ಮೇಲೆ ಪೆನ್ನಿನಿಂದ ಬರೆದು, ಹೊಲಿಗೆ ಬಿಚ್ಚಿ, ಆ ತುಂಡುಗಳನ್ನೇ ಪ್ಯಾಟರ್ನ್ ಮಾಡಿಕೊಳ್ಳಿ. ಕಾಗದದಂತೆ ಅವು ಮಡಿಕೆಯಲ್ಲಿ ಹರಿಯುವುದಿಲ್ಲ.

ಹೊಲಿಯುವಾಗ

ಮಿಕ್ಕಿದ್ದು ಬೇಗ ಆಗುತ್ತದೆ. ಕತ್ತರಿಸಿದ ಕೂಡಲೇ ಕುತ್ತಿಗೆಯ ಸುತ್ತ ತುದಿಯಿಂದ ಸ್ವಲ್ಪ ಒಳಗೆ ಒಂದೇ ಪದರದ ಮೇಲೆ ಒಂದು ಸಾಲು ಹೊಲಿಗೆ ಓಡಿಸಿ, ಓರೆ ಎಳೆ ಹಿಗ್ಗುವುದು ನಿಲ್ಲುತ್ತದೆ. ಆಮೇಲೆ ಎದೆಯ ಟಕ್ಸ್, ಭುಜ, ಕುತ್ತಿಗೆಗೆ ಕ್ರಾಸ್ ಪೀಸ್, ತೋಳು, ಜೇಬು, ಪಕ್ಕ, ಕೊನೆಗೆ ಲಂಗ. ಜೇಬು ಇಡದ ಬೇಸಿಗೆ ಡ್ರೆಸ್ ಅರ್ಧ ಡ್ರೆಸ್ ಎಂದು ನನ್ನ ಅಭಿಪ್ರಾಯ. ಪಕ್ಕದ ಹೊಲಿಗೆಯಲ್ಲಿ ಸೊಂಟದಿಂದ ಎರಡು ಇಂಚು ಕೆಳಗೆ ಬಾಯಿ ಬರಲಿ, ಆಳ ಮೊಬೈಲ್ ಪೂರ್ತಿ ಮುಳುಗುವಷ್ಟಿರಲಿ.

ನೆರಿಗೆಗೆ ಮಿಷನ್ನಿನ ಅತಿ ಉದ್ದದ ಹೊಲಿಗೆಯಲ್ಲಿ ಎರಡು ಸಾಲು ಓಡಿಸಿ, ಬಾಬಿನ್ ದಾರಗಳನ್ನು ಮಾತ್ರ ಎಳೆಯಿರಿ. 88 ಇಂಚನ್ನು ಒಂದೇ ಉಸಿರಿಗೆ ಎಳೆದರೆ ದಾರ ತುಂಡಾಗುತ್ತದೆ. ನಾಲ್ಕು ಭಾಗ ಮಾಡಿ ಪ್ರತಿ ಭಾಗಕ್ಕೂ ಬೇರೆ ದಾರ ಬಿಡಿ.

ಎಳೆ ಬಿಚ್ಚದಂತೆ ಕಾಯಲು ಮನೆಯಲ್ಲಿ ಓವರ್‌ಲಾಕ್ ಬೇಕಿಲ್ಲ. ತಿರುಪ್ಪೂರಿನಲ್ಲಂತೂ ಬೀದಿಗೊಬ್ಬರು ಮಾಡಿಕೊಡುತ್ತಾರೆ. ನೆಗಮಂನಂಥ ತೆಳು ಹತ್ತಿಗೆ ಫ್ರೆಂಚ್ ಸೀಮ್ ಇನ್ನೂ ಚೆಂದ: ಒಳಮೈಗೆ ಒಳಮೈ ಇಟ್ಟು ಆರು ಮಿಲಿಮೀಟರಿನಲ್ಲಿ ಹೊಲಿದು, ಅಂಚು ಸವರಿ, ತಿರುಗಿಸಿ, ಇಸ್ತ್ರಿ ಒತ್ತಿ, ಒಂಬತ್ತು ಮಿಲಿಮೀಟರಿನಲ್ಲಿ ಮತ್ತೊಮ್ಮೆ. ಎರಡೂ ಸೇರಿ ಪ್ಯಾಟರ್ನಿನ ಒಂದೂವರೆ ಸೆಂಟಿಮೀಟರ್ ಸರಿಯಾಗುತ್ತದೆ, ಬಿಡಿ ಎಳೆ ಒಳಗೆ ಮುಚ್ಚಿಹೋಗುತ್ತದೆ. ಪಕ್ಕದ ನೇರ ಹೊಲಿಗೆಗೆ ಸಾಕು, ತೋಳಿನ ಬಾಗಿಗೆ ಓವರ್‌ಲಾಕೇ ಇರಲಿ.

ಎ ಲೈನ್ ಹೊಲಿದವರು ಕೆಳಗಿನ ಮಡಿಕೆಯನ್ನು ಅವತ್ತೇ ಹಾಕಬೇಡಿ. ಒಂದು ರಾತ್ರಿ ಹ್ಯಾಂಗರಿಗೆ ತೂಗುಬಿಡಿ, ಓರೆ ಎಳೆಯ ಭಾಗಗಳು ಜಗ್ಗಿ ಎಷ್ಟು ಇಳಿಯಬೇಕೋ ಅಷ್ಟು ಇಳಿಯಲಿ. ಮರುದಿನ ಅದರ ಜತೆ ಹಾಕುವ ಚಪ್ಪಲಿಯನ್ನೇ ಮೆಟ್ಟಿ ನೆಟ್ಟಗೆ ನಿಂತು, ಮನೆಯವರ ಕೈಗೆ ಸ್ಕೇಲ್ ಕೊಟ್ಟು, ನೆಲದಿಂದ ಮೇಲಕ್ಕೆ ಅಳೆಸಿ ಸುತ್ತಲೂ ಗುರುತು ಹಾಕಿಸಿಕೊಳ್ಳಿ. ಗುರುತು ಹಾಕುವವರು ಸುತ್ತಬೇಕು, ನೀವು ತಿರುಗಬಾರದು. ಬಗ್ಗಿ ನೋಡಲೂ ಬಾರದು, ಬಗ್ಗಿದರೆ ಹಿಂದುಗಡೆ ಒಂದು ಇಂಚು ಮೇಲೇರಿಬಿಡುತ್ತದೆ.